ತಿರುಗುವ ಜಾಗ

ಎದ್ದ ಕೂಡಲೇ ಕಿಟಕಿಯಾಚೆ ನೋಡಬಾರದು ಎಂದು ಮಲಗುವಾಗಲೇ ತೀರ್ಮಾನಿಸಿದ್ದರೂ ಅವನು ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಹೋಗಿ ಪರದೆ ಸರಿಸಿದ. ಎರಡೂ ಅಲ್ಲೇ ಇದ್ದವು. ಶೆಡ್ಡಿನ ಮುಂದೆ, ಒಂದರ ಪಕ್ಕ ಒಂದು, ಫೋಟೋಗೆ ನಿಂತ ಅಪ್ಪ ಮಗನ ಹಾಗೆ. ದೊಡ್ಡ ಟ್ರ್ಯಾಕ್ಟರಿನ ಹಿಂದಿನ ಚಕ್ರ ಅವನ ಎದೆಯೆತ್ತರಕ್ಕಿತ್ತು. ಅದರ ಕೆಂಪು ಬಾನೆಟ್ಟಿನ ಮೇಲೆ ಬಿದ್ದ ಇಬ್ಬನಿ ಕೂಡ ಸ್ವಲ್ಪ ಠೀವಿಯಿಂದಲೇ ಕೂತಂತಿತ್ತು. ಚಿಕ್ಕದಕ್ಕೆ ಅಂಥದ್ದೇನೂ ಇಲ್ಲ. ಅದೇ ಕೆಂಪು, ಅದೇ ದೀಪ, ಅದೇ ಸೀಟು, ಆದರೆ ಎಲ್ಲವೂ ಒಗೆದ ಮೇಲೆ ಕುಗ್ಗಿದ ಬಟ್ಟೆಯ ಹಾಗೆ. ಷೋರೂಮಿನ ಮಾರಾಟಗಾರ ನಿನ್ನೆ ಎರಡನ್ನೂ ಲಾರಿಯಿಂದ ಇಳಿಸಿ, ಕೈ ಒರೆಸಿಕೊಳ್ಳುತ್ತ, 'ಎರಡನ್ನೂ ಓಡಿಸಿ ನೋಡಿ ಸಾರ್. ನಾಳೆ ಸಂಜೆ ಬರ್ತೀನಿ, ಯಾವುದು ಬೇಡವೋ ಅದನ್ನ ವಾಪಸ್ ತಗೊಂಡು ಹೋಗ್ತೀನಿ' ಎಂದು ಹೇಳಿ ಹೋಗಿದ್ದ. ಬೇಕಾದದ್ದನ್ನು ಹೇಳಿ ಎಂದಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲವೇನೋ. ಬೇಡವಾದದ್ದನ್ನು ಹೇಳಬೇಕು. ಬೇಡ ಎನ್ನುವುದು ಅವನಿಗೆ ಹುಟ್ಟಿದಾಗಿನಿಂದ ಒಲಿಯದ ವಿದ್ಯೆ.

'ಹಾಗೆ ನೋಡ್ತಾ ನಿಂತ್ರೆ ಅವೇನು ಮರಿ ಹಾಕ್ತಾವಾ?' ಎಂದಳು ಹೆಂಡತಿ ಹಿಂದಿನಿಂದ. 'ನೊರೆ ನೆಲಕ್ಕೆ ಬೀಳ್ತಾ ಇದೆ. ಹೋಗಿ ಬಾಯಿ ತೊಳ್ಕೊಳ್ಳಿ ಮೊದ್ಲು.'

ಅವಳು ಶಾಲೆಯ ವ್ಯಾನು ಓಡಿಸುವವಳು. ಬೆಳಿಗ್ಗೆ ಹೊತ್ತಿನಲ್ಲಿ ಅವಳ ಮಾತಿಗೆ ಹಾರ್ನಿನ ಗುಣವಿರುತ್ತದೆ: ಚಿಕ್ಕದು, ಜೋರು, ದಾರಿ ಬಿಡು ಎನ್ನುವಂಥದ್ದು. ವ್ಯಾನಿನ ಬೀಗದಕೈಯನ್ನು ಬೆರಳಿಗೆ ಸಿಕ್ಕಿಸಿಕೊಂಡೇ ನಿಂತು ಟೀ ಕುಡಿಯುತ್ತ ಅವಳು, ಗಾಡಿ ಎನ್ನುವುದು ನಮಗೆ ಸರಿಹೋಗಬೇಕೇ ಹೊರತು ನಾವು ಗಾಡಿಗಲ್ಲ, ಇರುವ ಅಂಗೈಯಗಲದ ಹೊಲಕ್ಕೆ ಆನೆ ತಂದು ಕಟ್ಟಿದರೆ ಅದಕ್ಕೆ ಹೊರಳಲು ಜಾಗವೆಲ್ಲಿ, ಎಂದಳು. 'ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತ ಸುಮ್ನೆ ಹೇಳಿದಾರಾ?' ಅವನು ತಲೆಯಾಡಿಸಿದ. ಮಾತು ನೆಟ್ಟಗೆ ಎಲ್ಲಿಗೆ ತಗುಲಬೇಕೋ ಅಲ್ಲಿಗೇ ತಗುಲಿತ್ತು, ಅವಳಿಗೆ ಗೊತ್ತಿದ್ದೋ ಗೊತ್ತಿಲ್ಲದೆಯೋ. ಇಷ್ಟು ವರ್ಷ ಅವನು ಕಾಲು ಚಾಚಿದ್ದು ತನ್ನ ಹಾಸಿಗೆಯಲ್ಲಿ ಅಲ್ಲ. ಒಡಹುಟ್ಟಿದ ಅಕ್ಕನ ಹೊಲದಲ್ಲಿ. ಲೋಟ ತೊಳೆಯುವ ನೆಪದಲ್ಲಿ ಅವನು ಮುಖ ತಿರುಗಿಸಿದ. ನಲ್ಲಿಯ ಕೆಳಗೆ ಲೋಟ ಆಗಲೇ ಸ್ವಚ್ಛವಾಗಿತ್ತು, ಆದರೂ ತೊಳೆಯುತ್ತಲೇ ಇದ್ದ.

ವ್ಯಾನು ಗೇಟು ದಾಟಿ ಹೋದ ಮೇಲೆ ಮನೆ ಸುಮ್ಮನಾಯಿತು. ಅವನು ಶೆಡ್ಡಿಗೆ ಹೋಗಿ ಎರಡರ ನಡುವೆ ನಿಂತ. ಶೆಡ್ಡಿನೊಳಗೆ ನೆಲದ ಮೇಲೆ ಹಳೆಯ ಟ್ರ್ಯಾಕ್ಟರು ಬಿಟ್ಟುಹೋದ ಎಣ್ಣೆಯ ಕಲೆ ಇನ್ನೂ ಇತ್ತು. ಅಪ್ಪ ತಂದದ್ದು ಅದು. ಇಂಜಿನ್ನಿನ ಹೊಟ್ಟೆ ಸೀಳಿದ ದಿನ ಮೆಕ್ಯಾನಿಕ್ಕು ಕೆಳಗಿನಿಂದ ತೆವಳಿಕೊಂಡು ಬಂದು, ಸತ್ತವರ ಮನೆಯಲ್ಲಿ ಮಾತಾಡುವ ದನಿಯಲ್ಲಿ, 'ಇನ್ನು ಇದಕ್ಕೆ ಮದ್ದಿಲ್ಲ' ಎಂದಿದ್ದ. ಗುಜರಿಯವರು ಅದನ್ನು ಎಳೆದುಕೊಂಡು ಹೋಗುವಾಗ ಅವನಿಗೆ ಅಳು ಬರಲಿಲ್ಲ. ಬಂದದ್ದು ಒಂದು ಬಗೆಯ ಹಗುರ, ಆಮೇಲೆ ಅದರ ಬಗ್ಗೆ ನಾಚಿಕೆ. ಅಪ್ಪನ ಟ್ರ್ಯಾಕ್ಟರು ಹೋಯಿತಲ್ಲಾ ಎಂದು ಯಾರೋ ಸಮಾಧಾನ ಹೇಳಿದರೆ ಅವನ ಮನಸ್ಸು ಮಾತ್ರ ಬೇರೆಯೇ ಹೇಳುತ್ತಿತ್ತು: ಇನ್ನು ಅಕ್ಕನ ಹತ್ತಿರ ಕೇಳಬೇಕಾಗಿಲ್ಲ, ಹೊಸದು ಬರುವ ತನಕವಾದರೂ.

ಕೇಳುವುದು ಎಂದರೆ ಇಷ್ಟೇ. ಅಪ್ಪ ಹೊಲವನ್ನು ಇಬ್ಬರಿಗೂ ಹಂಚುವಾಗ ಉದ್ದದ ಹೊಲವನ್ನು ಅಡ್ಡಕ್ಕೆ ಕತ್ತರಿಸಿ ನಡುವೆ ಕಲ್ಲು ನೆಟ್ಟ. ಮನೆ ಕಡೆಯ ಅರ್ಧ ಮಗನಿಗೆ, ಆಚೆಯ ಅರ್ಧ ಮಗಳಿಗೆ. ತೂಕ ಸರಿಯಾಗೇ ಇತ್ತು, ಯಾರೂ ಬಾಯಿ ತೆಗೆಯುವಂತಿರಲಿಲ್ಲ. ಆದರೆ ಅಪ್ಪನ ಲೆಕ್ಕಕ್ಕೆ ಬಾರದ ಒಂದು ಸಂಗತಿ ಉಳಿದಿತ್ತು. ಟ್ರ್ಯಾಕ್ಟರು ಸಾಲಿನ ಕೊನೆಗೆ ಬಂದು, ಹಿಂದೆ ಮಣ್ಣು ಉಳುವ ಕಲ್ಟಿವೇಟರ್ ಎತ್ತಿ, ಮೈ ತಿರುಗಿಸಿ, ಮುಂದಿನ ಸಾಲಿಗೆ ಮುಖ ಮಾಡಲು ಜಾಗ ಬೇಕಲ್ಲ? ಈ ತುದಿಯಲ್ಲಿ ಶೆಡ್ಡಿನ ಅಂಗಳವಿದೆ, ಚಿಂತೆಯಿಲ್ಲ. ಆ ತುದಿಯಲ್ಲಿ ಮಾತ್ರ ಕಲ್ಲು ದಾಟಿ, ಅಕ್ಕನ ಹೊಲದ ಒಂದು ಪಟ್ಟಿಯ ಮೇಲೆ ಹೋಗಿಯೇ ಅದು ತಿರುಗಬೇಕು. ತನ್ನ ಕಡೆಯೇ ಅಷ್ಟು ಜಾಗ ಬಿಟ್ಟರೆ ಅವನಿಗೆ ಬಿತ್ತಲು ಉಳಿಯುವುದು ಅಷ್ಟಕ್ಕಷ್ಟೇ. ಹೀಗೆ ಟ್ರ್ಯಾಕ್ಟರು ತಮ್ಮನ ಪಾಲಿಗೂ ಅದು ತಿರುಗುವ ಜಾಗ ಅಕ್ಕನ ಪಾಲಿಗೂ ಬಂದಿತು. ಮೊದಲ ಸಲ ಅವನು ಸಾಲಿನ ಕೊನೆಗೆ ಬಂದಾಗ ಕಲ್ಲು ಕಂಡಿತು, ಕಾಲು ತಾನಾಗಿ ಬ್ರೇಕು ಒತ್ತಿತು. ಇಂಜಿನ್ ನಿಲ್ಲಿಸಿ, ಇಳಿದು, ಟೋಪಿ ತೆಗೆದು, ಕಲ್ಲಿನ ಈಚೆ ನಿಂತು, 'ಅಕ್ಕಾ, ತಿರುಗಿಸ್ಕೊಳ್ಳಲಾ?' ಎಂದು ಕೇಳಿದ. ಅಕ್ಕ ಏನೋ ಬಿಡಿಸುತ್ತಿದ್ದವಳು ಒಂದು ಗಳಿಗೆ ಅವನನ್ನೇ ನೋಡಿ, 'ಹೂಂ, ತಿರುಗಿಸ್ಕೋ' ಎಂದಳು. ಆ ಹೂಂ ಒಣಗಿದ ಮಣ್ಣಿನಂತಿತ್ತು. ಅಂದಿನಿಂದ ಪ್ರತಿ ಉಳುಮೆಯ ಮೊದಲ ಸಾಲು ಮುಗಿದಾಗ ಇಳಿದು ಕೇಳುವುದು, ಅವಳು ಅಷ್ಟೇ ಒಣಗಿ ಹೂಂ ಎನ್ನುವುದು ರೂಢಿಯಾಯಿತು. ಆ ಪಟ್ಟಿಯ ಮಣ್ಣು ಚಕ್ರದ ಭಾರಕ್ಕೆ ಸಿಮೆಂಟಿನಂತೆ ಗಟ್ಟಿಯಾಗಿ, ಮಳೆ ಬಂದರೆ ಅಲ್ಲಿ ಮಾತ್ರ ನೀರು ನಿಂತು, ಹುಲ್ಲು ಕೂಡ ಯೋಚನೆ ಮಾಡಿ ಹುಟ್ಟುತ್ತಿತ್ತು. ಅಕ್ಕ ಒಂದು ದಿನವೂ ಏನೂ ಅನ್ನಲಿಲ್ಲ. ಅಂದುಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿತ್ತು. ಬೈಸಿಕೊಂಡವನಿಗೆ ನಿದ್ದೆ ಬರುತ್ತದೆ. ಸುಮ್ಮನೆ ಬಿಟ್ಟುಕೊಟ್ಟವರ ಎದುರು ನಿಂತವನಿಗೆ ಬರುವುದಿಲ್ಲ.

ನಿನ್ನೆ ಅವನು ಮೊದಲು ಹತ್ತಿದ್ದು ದೊಡ್ಡದನ್ನು. ಹತ್ತುವಾಗಲೇ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಬೇಕು. ಮೇಲಿನಿಂದ ಬೇಲಿ, ರಸ್ತೆ, ರಸ್ತೆಯಲ್ಲಿ ಸೈಕಲ್ಲಿನಲ್ಲಿ ಹೋಗುವವರ ನಡುನೆತ್ತಿ ಎಲ್ಲವೂ ಕಾಣುತ್ತಿತ್ತು. ಕಲ್ಟಿವೇಟರ್ ಮಣ್ಣಿಗೆ ಇಳಿದಾಗ ಇಂಜಿನ್ನು ಉಸಿರನ್ನೂ ಬದಲಿಸಲಿಲ್ಲ. ಬೆಣ್ಣೆಯಲ್ಲಿ ಚಾಕು ಎಳೆದ ಹಾಗೆ. ಮಾರಾಟಗಾರ ಪಕ್ಕದಲ್ಲಿ ನಡೆಯುತ್ತ ಕೂಗಿ ಕೂಗಿ ಹೇಳುತ್ತಿದ್ದ: ಟ್ರೈಲರ್ ತುಂಬ ಹೇರಿದರೂ ಎಳೆಯುತ್ತದೆ, ಆಳಕ್ಕೆ ಉಳುತ್ತದೆ, ಹೊರಗಿನ ಕೆಲಸ ಬೇಕಾದಷ್ಟು ಹಿಡಿಯಬಹುದು, 'ಅದೂ ಅಲ್ದೆ ಸಾರ್, ಮನೆ ಮುಂದೆ ನಿಂತ್ರೆ ಒಂದು ಗತ್ತು ಇರ್ಬೇಕು.' ಸಾಲಿನ ಕೊನೆ ಹತ್ತಿರ ಬಂದಾಗ ಅವನ ಎದೆ ಹಳೆಯ ಅಭ್ಯಾಸದಂತೆ ಇಳಿಯತೊಡಗಿತು. ಇನ್ನೇನು ಇಳಿಯಬೇಕು, ಟೋಪಿ ತೆಗೆಯಬೇಕು. ಆದರೆ ತಲೆ ಎತ್ತಿ ನೋಡಿದರೆ ಕಲ್ಲಿನಾಚೆ, ಆ ಪಟ್ಟಿಯ ಉದ್ದಕ್ಕೂ, ಕೋಲುಗಳು. ಸಾಲಾಗಿ ನೆಟ್ಟ, ತುದಿಯಲ್ಲಿ ಜೋಡಿ ಜೋಡಿಯಾಗಿ ಕಟ್ಟಿದ ಕೋಲುಗಳು, ಅವುಗಳ ಬುಡದಲ್ಲಿ ಮೊಳದುದ್ದದ ಹುರುಳಿಕಾಯಿ ಬಳ್ಳಿಗಳು. ಮಣ್ಣನ್ನು ಅಕ್ಕ ಗುದ್ದಲಿಯಲ್ಲಿ ಒಡೆದು ಹದ ಮಾಡಿದ್ದಳು. ಆ ಸಿಮೆಂಟನ್ನು ಒಡೆಯಲು ಅವಳ ತೋಳಿಗೆ ಎಷ್ಟು ನೋವಾಗಿರಬೇಡ. ಅವನಿಗೆ ಏನೂ ಹೇಳಿರಲಿಲ್ಲ. ಉತ್ತರವನ್ನು ಹೀಗೂ ಕೊಡಬಹುದು ಎಂದು ಅವನಿಗೆ ಆ ಕ್ಷಣದಲ್ಲಿ ಅರ್ಥವಾಯಿತು. ಮಾರಾಟಗಾರ 'ತಿರುಗಿಸಿ ಸಾರ್, ಪವರ್ ಸ್ಟೇರಿಂಗ್, ಒಂದು ಬೆರಳು ಸಾಕು' ಎನ್ನುತ್ತಿದ್ದರೆ, ಅವನು ಆ ಅಷ್ಟು ದೊಡ್ಡ ಯಂತ್ರವನ್ನು ಸಾಲಿನುದ್ದಕ್ಕೂ ಹಿಂದು ಹಿಂದಕ್ಕೇ ತಂದು ಶೆಡ್ಡಿನ ಮುಂದೆ ನಿಲ್ಲಿಸಿದ. ಕತ್ತು ತಿರುಚಿ ನೋಡುತ್ತ ಬಂದದ್ದರಿಂದ ಇವತ್ತೂ ಕತ್ತು ಹಿಡಿದುಕೊಂಡಿತ್ತು. ಮಾರಾಟಗಾರ ಪಾಪ, 'ರಿವರ್ಸ್ ಗೇರೂ ಚೆನ್ನಾಗಿದೆ ಅಲ್ವಾ ಸಾರ್' ಎಂದ.

ಹಾಗಿದ್ದ ಮೇಲೆ ಇನ್ನೇನು ಉಳಿದಿದೆ, ಚಿಕ್ಕದೇ ಎಂದಾಯಿತಲ್ಲ. ಅದು ನಿಂತಲ್ಲೇ ತಿರುಗುತ್ತದಂತೆ. ಒಂದು ಕಡೆಯ ಬ್ರೇಕು ಒತ್ತಿ ಸ್ಟೇರಿಂಗು ಮುರಿದರೆ ಒಂದು ಕೋಣೆಯಷ್ಟು ಜಾಗದಲ್ಲಿ ಮುಖ ಬದಲಿಸುತ್ತದೆ. ಕಲ್ಲಿನ ಈಚೆಯೇ ತಿರುಗಿಸಬಹುದು. ಇನ್ನು ಜೀವಮಾನದಲ್ಲಿ ಯಾರ ಮುಂದೆಯೂ ಟೋಪಿ ತೆಗೆದು ಹಲ್ಲು ಕಿರಿಯಬೇಕಾಗಿಲ್ಲ. ಇದು ನೆಮ್ಮದಿಯ ವಿಷಯ. ನೆಮ್ಮದಿಯೆಂದು ತನಗೆ ತಾನೇ ಹೇಳಿಕೊಳ್ಳುತ್ತ ಅವನು ಚಿಕ್ಕದರ ಮಡ್‌ಗಾರ್ಡನ್ನು ತಟ್ಟಿದ. ತಗಡು ಟಣ್ ಎಂದಿತು. ಆದರೆ ನೆಮ್ಮದಿ ಎನ್ನುವುದು ಬರಬೇಕಾದ ಜಾಗದಲ್ಲಿ ಬೇರೆ ಏನೋ ಬಂದು ಕೂತಿತ್ತು, ಬಸ್ಸಿನಲ್ಲಿ ಕರವಸ್ತ್ರ ಹಾಕಿ ಹಿಡಿದ ಸೀಟಿನಲ್ಲಿ ಬೇರೆ ಯಾರೋ ಕೂತ ಹಾಗೆ. ಅಪ್ಪ ಹೋದ ಮೇಲೆ ಅಕ್ಕನೂ ಅವನೂ ಆಡಿದ ಮಾತುಗಳನ್ನೆಲ್ಲ ಒಟ್ಟು ಸೇರಿಸಿದರೆ ಏನು ಉಳಿಯುತ್ತದೆ? ತಿರುಗಿಸ್ಕೊಳ್ಳಲಾ. ಹೂಂ, ತಿರುಗಿಸ್ಕೋ. ಮದುವೆ ಸಾವುಗಳಲ್ಲಿ ಎಲ್ಲರ ನಡುವೆ ಆಡಿದ ಮಾತು ಮಾತಲ್ಲ. ಇಬ್ಬರೇ ಇರುವಾಗ ಆಡಿದ್ದು ಇದೊಂದೇ. ಚಿಕ್ಕದು ಬಂದರೆ ಅದೂ ಬೇಕಾಗಿಲ್ಲ. ದೊಡ್ಡದನ್ನು ತಂದರೆ ಕೇಳುವ ಅವಮಾನ, ಚಿಕ್ಕದನ್ನು ತಂದರೆ ಕೇಳಲು ಏನೂ ಇಲ್ಲದಿರುವುದು. ಅತ್ತ ದರಿ ಇತ್ತ ಪುಲಿ ಎಂದರೆ ಇದೇ. ಟ್ರ್ಯಾಕ್ಟರ್ ಆರಿಸಲು ಕೂತ ಮನುಷ್ಯ ಅಕ್ಕನನ್ನು ಕಳೆದುಕೊಳ್ಳುವುದರ ಬಗ್ಗೆ ಯೋಚಿಸುತ್ತಿದ್ದಾನೆ ಎಂದರೆ ಯಾರಾದರೂ ನಗುತ್ತಾರೆ. ಅವನಿಗೇ ನಗು ಬರಬೇಕಿತ್ತು. ಬರಲಿಲ್ಲ.

ಚಿಕ್ಕವನಿದ್ದಾಗ ಅವನು ಆ ಹಳೆಯ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೂರುತ್ತಿದ್ದ, ಓಡಿಸುತ್ತಿದ್ದದ್ದು ಅಕ್ಕ. ಅವಳ ಕಾಲು ಕ್ಲಚ್ಚಿಗೆ ಎಟುಕುವ ಮೊದಲೇ ಓಡಿಸಲು ಕಲಿತಿದ್ದಳು. ಸೀಟಿನ ತುದಿಗೆ ಜಾರಿ, ಅರ್ಧ ನಿಂತು, ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿ ಹಿಡಿದು ತಿರುಗಿಸುತ್ತಿದ್ದಳು. ತಿರುಗುವಾಗ ಅವನು ಬೀಳದಿರಲೆಂದು ಎಡಗೈಯಲ್ಲಿ ಅವನ ಅಂಗಿಯ ಕಾಲರು ಹಿಡಿಯುತ್ತಿದ್ದಳು. ಕಾಲರು ಕತ್ತಿಗೆ ಒತ್ತಿ ಉಸಿರು ಕಟ್ಟುತ್ತಿತ್ತು, ಆದರೂ ಅದರಷ್ಟು ಭದ್ರವಾದ ಜಾಗ ಅವನಿಗೆ ಆಮೇಲೆ ಎಲ್ಲೂ ಸಿಗಲಿಲ್ಲ. ಈಗ ಕತ್ತು ಹಿಡಿದುಕೊಂಡಿರುವುದು ಬೇರೆ ಕಾರಣಕ್ಕೆ. ಅವನು ಕತ್ತನ್ನು ಉಜ್ಜಿಕೊಳ್ಳುತ್ತ ಚಿಕ್ಕದನ್ನು ಹತ್ತಿದ. ಹತ್ತುವುದು ಎನ್ನುವಂತೆಯೂ ಇರಲಿಲ್ಲ, ಕುರ್ಚಿಯಲ್ಲಿ ಕೂತ ಹಾಗಾಯಿತು.

ಮೊದಲ ಸಾಲಿಗೇ ಅದು ಅವನನ್ನು ಒಲಿಸಿಕೊಂಡಿತು. ಚಿಕ್ಕ ಕಲ್ಟಿವೇಟರನ್ನು ಎಳೆಯುವಾಗ ಇಂಜಿನ್ನು ಸ್ವಲ್ಪ ಗೊಣಗಿತು, ಆದರೆ ಬಿಡಲಿಲ್ಲ. ಹಿಂದೆ ತಿರುಗಿ ನೋಡಿದರೆ ಚಕ್ರದ ಗುರುತು ಮಣ್ಣಿನ ಮೇಲೆ ಹಗುರವಾಗಿ ಬಿದ್ದಿತ್ತು, ಅಂಗೈ ಒತ್ತಿ ತೆಗೆದಷ್ಟು. ಸಾಲಿನ ಕೊನೆಗೆ ಬಂದ. ಕಲ್ಲಿಗೆ ಇನ್ನೂ ದೂರವಿರುವಾಗಲೇ ಕಲ್ಟಿವೇಟರ್ ಎತ್ತಿ, ಬಲಗಡೆಯ ಬ್ರೇಕು ಒತ್ತಿ, ಸ್ಟೇರಿಂಗು ತಿರುಗಿಸಿದ. ಟ್ರ್ಯಾಕ್ಟರು ಹಿಮ್ಮಡಿಯ ಮೇಲೆ ತಿರುಗುವ ಹುಡುಗಿಯ ಹಾಗೆ ಗಿರಕ್ಕನೆ ತಿರುಗಿ ಮನೆಯ ಕಡೆಗೆ ಮುಖ ಮಾಡಿತು. ಕಲ್ಲು ಹಾಗೇ ಇತ್ತು, ಕೋಲುಗಳು ಹಾಗೇ ಇದ್ದವು. ಅವನಿಗೆ ಅಯ್ಯೋ ಇಷ್ಟೇನಾ ಎನ್ನಿಸಿತು. ಇಷ್ಟು ವರ್ಷದ ಮುಜುಗರಕ್ಕೆ ಇಷ್ಟು ಸುಲಭದ ಪರಿಹಾರವಿದೆಯೆಂದರೆ ಅದೂ ಒಂದು ಅವಮಾನವೇ. ಎರಡನೆಯ ಸಲ, ಮೂರನೆಯ ಸಲ, ಅದೇ ಗಿರಕಿ. ಅವನು ಶಿಳ್ಳೆ ಹಾಕತೊಡಗಿದ. ನಾಲ್ಕನೆಯ ಸಾಲಿನಲ್ಲಿ ಅರ್ಧ ದಾರಿ ಬಂದಾಗ ಅಕ್ಕ ರಸ್ತೆ ದಾಟಿ ತನ್ನ ಹೊಲಕ್ಕೆ ಬರುವುದು ಕಾಣಿಸಿತು. ಅವಳು ಹೊಲಿಗೆಯವಳು, ಬೆಳಿಗ್ಗೆಯಿಂದ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿದು, ಬೆನ್ನು ಸೋತಾಗ ಹೊಲಕ್ಕೆ ಬರುತ್ತಾಳೆ. ಕತ್ತಿನಲ್ಲಿ ಅಳತೆ ಟೇಪು ಹಾಗೇ ಇತ್ತು, ಕೈಯಲ್ಲಿ ಬುಟ್ಟಿ. ಅವನ ಶಿಳ್ಳೆ ನಿಂತಿತು. ನೋಡಲಿ, ಎಂದುಕೊಂಡ. ಇವತ್ತು ನಾನು ಇಳಿಯುವುದಿಲ್ಲ, ಟೋಪಿ ತೆಗೆಯುವುದಿಲ್ಲ, ನಿನ್ನ ಮಣ್ಣು ಮುಟ್ಟದೆ ನಿನ್ನ ಕಣ್ಣೆದುರೇ ತಿರುಗಿಸಿಕೊಂಡು ಹೋಗುತ್ತೇನೆ, ನೋಡು. ಅವಳು ನೋಡುತ್ತಿದ್ದಾಳೋ ಇಲ್ಲವೋ ಎಂದು ತಿಳಿಯಲು ಅವನು ಅವಳ ಮುಖವನ್ನೇ ನೋಡುತ್ತಿದ್ದ. ಕೈಗಳನ್ನು ಯಾರೂ ನೋಡುತ್ತಿರಲಿಲ್ಲ. ಹಲ್ಲು ಬಿದ್ದಲ್ಲಿಗೆ ನಾಲಿಗೆ ಹೋದ ಹಾಗೆ, ಇಷ್ಟು ವರ್ಷದ ರೂಢಿಯಿಂದ ಕೈಗಳು ಹೊರಟವು: ಕಲ್ಲಿನವರೆಗೂ ನೇರ ಹೋಗಿ, ಕಲ್ಲು ದಾಟಿ, ಎಡಕ್ಕೆ ದೊಡ್ಡದಾಗಿ ಬಳಸಿ, ಆಮೇಲೆ ಬಲಕ್ಕೆ, ಹಳೆಯ ಟ್ರ್ಯಾಕ್ಟರನ್ನು ತಿರುಗಿಸುವ ಹಾಗೆ. ಪಟಪಟ ಎಂಬ ಸದ್ದು ಕೇಳಿದಾಗ ಅವನು ಕೆಳಗೆ ನೋಡಿದ. ಕೋಲುಗಳು ಒಂದರ ಮೇಲೊಂದು ಮಲಗುತ್ತಿದ್ದವು.

ಇಂಜಿನ್ನು ನಿಂತಿತು, ಅವನು ನಿಲ್ಲಿಸಿದ್ದಲ್ಲ, ಕ್ಲಚ್ಚು ಬಿಟ್ಟಿದ್ದ. ಒಂದು ಬಳ್ಳಿ ಮುಂದಿನ ಆ್ಯಕ್ಸಲ್ಲಿಗೆ ಸುತ್ತಿಕೊಂಡು ಕೋಲಿನ ಸಮೇತ ಮೇಲೆದ್ದು ದೀಪದ ಮುಂದೆ ನೇತಾಡುತ್ತಿತ್ತು. ಭೂಮಿ ಬಾಯ್ಬಿಟ್ಟು ನುಂಗಬಾರದೇ ಎಂದುಕೊಳ್ಳುವವರಿಗೆ ಭೂಮಿ ಯಾವಾಗಲೂ ಇಂಥ ಸಮಯದಲ್ಲೇ ಗಟ್ಟಿಯಾಗಿರುತ್ತದೆ. ಅವನು ಇಳಿದ. ಇಳಿದು, ಟೋಪಿ ತೆಗೆದ.

'ಅಕ್ಕಾ, ಅದು... ಗೊತ್ತಾಗ್ಲಿಲ್ಲ. ನಾನು ಎಲ್ಲ ಮತ್ತೆ ನೆಟ್ಟುಕೊಡ್ತೀನಿ. ಇವತ್ತೇ. ಹೊಸ ಕೋಲು ತರ್ತೀನಿ. ಏನೇನು ಹಾಳಾಗಿದೆಯೋ ಹೇಳು, ಅಷ್ಟೂ...'

ಅಕ್ಕ ಬುಟ್ಟಿ ಕೆಳಗಿಟ್ಟಳು. ಮಲಗಿದ ಕೋಲುಗಳನ್ನು ನೋಡಿದಳು, ಟ್ರ್ಯಾಕ್ಟರನ್ನು ನೋಡಿದಳು, ಅವನ ಕೈಯಲ್ಲಿದ್ದ ಟೋಪಿಯನ್ನು ನೋಡಿದಳು. ಟೋಪಿಯನ್ನು ನೋಡಿದಾಗ ಅವಳ ಮುಖ ಕೆಂಪಾಯಿತು.

'ಹಾಕ್ಕೊಳೋ ಅದನ್ನ!' ಎಂದಳು.

'ಏನು?'

'ಟೋಪಿ! ತಲೆ ಮೇಲೆ ಹಾಕ್ಕೋ ಅಂದೆ. ನೆಟ್ಟುಕೊಡ್ತಾನಂತೆ, ತಂದುಕೊಡ್ತಾನಂತೆ! ನಾನೇನು ನಿನಗೆ ದಾರಿಯಲ್ಲಿ ಹೋಗೋಳಾ?'

ಅವನು ಟೋಪಿ ಹಾಕಿಕೊಂಡ. ಗಾಬರಿಯಲ್ಲಿ ಹಿಂದುಮುಂದಾಗಿ ಹಾಕಿಕೊಂಡ, ಸರಿಮಾಡಿಕೊಳ್ಳಲು ಧೈರ್ಯ ಬರಲಿಲ್ಲ. 'ನೀನು ಕೋಲು ನೆಟ್ಟಿದ್ದು ನೋಡ್ದೆ ನಿನ್ನೆ,' ಎಂದ. ದನಿ ತನ್ನದಲ್ಲದ ಹಾಗೆ ಸಣ್ಣಗಿತ್ತು. 'ಅರ್ಥ ಆಯ್ತು ನನಗೆ. ಇನ್ನು ತಿರುಗಿಸಬೇಡ ಅಂತ. ಅದಕ್ಕೇ ಚಿಕ್ಕದು ಓಡಿಸಿ ನೋಡ್ತಾ ಇದ್ದೆ. ಆದ್ರೆ ಕೈ ಹಳೇದರ ಹಾಗೆ...'

'ಏನು ಅರ್ಥ ಆಯ್ತೋ ನಿನಗೆ? ನಿನ್ನ ಹೆಂಡತಿ ಹೋದ ತಿಂಗಳು ವ್ಯಾನು ನಿಲ್ಸಿ ಹೇಳಿದ್ಲು, ಚಿಕ್ಕ ಟ್ರ್ಯಾಕ್ಟರೇ ತಗೊಳ್ಳೋದು, ಅದು ಅಲ್ಲೇ ತಿರುಗುತ್ತೆ, ನಿಮ್ಮ ಜಾಗ ಇನ್ನು ಬೇಕಾಗಲ್ಲ ಅಂತ. ಜಾಗ ಖಾಲಿ ಯಾಕೆ ಬಿಡ್ಲಿ ಅಂತ ಹಾಕ್ದೆ. ಅಷ್ಟೇ. ನೀನು ಅದಕ್ಕೊಂದು ಪುರಾಣ ಕಟ್ಕೊಂಡು ಕೂತಿದೀಯ.'

ಹೋದ ತಿಂಗಳು. ಅಂದರೆ ಎರಡೂ ಟ್ರ್ಯಾಕ್ಟರುಗಳು ಲಾರಿಯಿಂದ ಇಳಿಯುವ ಮೊದಲೇ ತೀರ್ಮಾನವಾಗಿತ್ತು, ಅದನ್ನು ತಿಳಿಯದವನು ತೀರ್ಮಾನ ಮಾಡಬೇಕಾದವನೊಬ್ಬನೇ. ಅವನಿಗೆ ಸಿಟ್ಟು ಬರಬೇಕಿತ್ತು. ಬದಲಿಗೆ ಎದೆಯೊಳಗೆ ಯಾವುದೋ ಬೋಲ್ಟು ಒಂದು ಸುತ್ತು ಸಡಿಲವಾದದ್ದು ಅವನಿಗೆ ತಿಳಿಯಿತು.

'ಹಾಗಾದ್ರೆ ನಿನಗೆ ಬೇಜಾರಿಲ್ವಾ?' ಎಂದ.

'ಬೇಜಾರಿಲ್ದೆ ಏನು? ಬೇಕಾದಷ್ಟಿದೆ.' ಅವಳು ಮುರಿದ ಕೋಲೊಂದನ್ನು ಎತ್ತಿ ಅವನ ಕಡೆಗೆ ಚಾಚಿದಳು, ಹೊಡೆಯುವವಳ ಹಾಗೆ. 'ಅಪ್ಪನ ಟ್ರ್ಯಾಕ್ಟರು, ಅಪ್ಪನ ಹೊಲ, ನನ್ನ ತಮ್ಮ. ಅದನ್ನ ತಿರುಗಿಸೋಕೆ ಇಂಜಿನ್ ನಿಲ್ಸಿ, ಇಳಿದು, ಟೋಪಿ ಕೈಯಲ್ಲಿ ಹಿಡ್ಕೊಂಡು, ಕಲ್ಲಿಂದ ಆಚೆ ನಿಂತು ಅಪ್ಪಣೆ ಕೇಳ್ತಿದ್ದೆಯಲ್ಲ ಪ್ರತಿ ಸಲ, ಮೈ ಉರಿದು ಹೋಗೋದು ನನಗೆ. ಒಂದು ದಿನ ಆದ್ರೂ ಕೇಳ್ದೆ ಆ ಕಲ್ಲು ದಾಟಿ ಬಂದ್ಯಾ? ಸುಮ್ನೆ ತಿರುಗಿಸ್ಕೊಂಡು ಹೋಗಿದ್ರೆ ಏನಾಗ್ತಿತ್ತು? ಕಲ್ಲು ನೆಟ್ಟಿದ್ದು ಅಪ್ಪ. ಅದನ್ನ ಗೋಡೆ ಮಾಡಿದ್ದು ನೀನು.'

'ನೀನು ಹೂಂ ಅಂತಿದ್ದಿದ್ದು ಹೇಗಿತ್ತು ಗೊತ್ತಾ? ನನಗೆ ಅನ್ಸೋದು, ಇವಳಿಗೆ ಇಷ್ಟ ಇಲ್ಲ, ಬಾಯಿ ಬಿಟ್ಟು ಹೇಳೋಕಾಗ್ದೆ...'

'ಇನ್ನೇನು ಹಾಡು ಹೇಳ್ಬೇಕಿತ್ತಾ? ಕೇಳಬಾರದ್ದನ್ನ ಕೇಳಿದ್ರೆ ಹೂಂ ಅಂತ ಅಷ್ಟೇ ಬರೋದು.'

ಬಿಸಿ ಇಂಜಿನ್ನು ತಣ್ಣಗಾಗುತ್ತ ಟಿಕ್ ಟಿಕ್ ಎನ್ನುತ್ತಿತ್ತು. ಅವನು ತನ್ನ ಕಾಲಿನ ಕಡೆ ನೋಡಿಕೊಂಡ. ಕಲ್ಲು ಅವನ ಹಿಂದೆ ಇತ್ತು. ಗಾಬರಿಯಲ್ಲಿ ಇಳಿದವನು ಅಕ್ಕನ ಹೊಲದಲ್ಲಿ, ಹದ ಮಾಡಿದ ಮೆತ್ತನೆಯ ಮಣ್ಣಿನಲ್ಲಿ, ಪಾದ ಹೂತು ನಿಂತಿದ್ದ. ಇಷ್ಟು ವರ್ಷ ಅವಳು ಕೊಡುತ್ತಿದ್ದ ಅಪ್ಪಣೆಯನ್ನು ಅವನು ಅವಳ ದೊಡ್ಡತನವೆಂದೂ, ಅದರೊಳಗಿನ ಒಣಗಿದ ದನಿಯನ್ನು ಅದರ ಬೆಲೆಯೆಂದೂ ತಿಳಿದು ಒಳಗೊಳಗೇ ಸಣ್ಣಗಾಗುತ್ತ ಬಂದಿದ್ದ. ಅವಳು ಅವನ ವಿನಯವನ್ನು ಮುಖಕ್ಕೆ ಹಾಕಿದ ಬಾಗಿಲೆಂದು ತಿಳಿದಿದ್ದಳು. ಎಂಥ ಇಬ್ಬರು ದಡ್ಡರು ಎನ್ನಿಸಿ ಅವನಿಗೆ ನಗು ಬಂತು. ಬೆಳಿಗ್ಗೆ ಬರಬೇಕಾಗಿದ್ದ ನಗು, ಈಗ ತಡವಾಗಿ, ತಡೆಯಲಾರದಷ್ಟು. ನಗುತ್ತಿದ್ದಂತೆ ಕಣ್ಣು ಒದ್ದೆಯಾದದ್ದನ್ನು ಅವನು ಒರೆಸಿಕೊಳ್ಳಲೂ ಹೋಗಲಿಲ್ಲ.

'ನಗ್ತಾನೆ ನೋಡು,' ಎಂದಳು ಅಕ್ಕ. ಅವಳ ತುಟಿಯೂ ಒಂದು ಕಡೆಗೆ ಎಳೆಯುತ್ತಿತ್ತು. 'ಅಲ್ವೋ, ಚಿಕ್ಕದು ತಗೊಂಡು ದೊಡ್ಡದರ ಹಾಗೆ ತಿರುಗಿಸಿದ್ಯಲ್ಲ, ನಿನ್ನಂಥೋನಿಗೆ ಯಾವುದಾದ್ರೆ ಏನು? ಸರಿ. ಈಗ ಅದನ್ನ ಹೊರಗೆ ತೆಗೀಬೇಕು. ನೀನು ತೆಗೆದ್ರೆ ಉಳಿದದ್ದೂ ಹೋಗುತ್ತೆ. ಸರ್ಕೋ ಆ ಕಡೆ.'

ಅವಳು ಅಪ್ಪಣೆ ಕೇಳಲಿಲ್ಲ. ಬಂದು, ಬಾಗಿ, ಆ್ಯಕ್ಸಲ್ಲಿಗೆ ಸುತ್ತಿದ್ದ ಬಳ್ಳಿಯನ್ನು ಗುಂಡಿಗೆ ಸಿಕ್ಕಿಕೊಂಡ ದಾರ ಬಿಡಿಸುವ ಹಾಗೆ ಬಿಡಿಸಿ, ಸೀಟು ಹತ್ತಿ ಕೂತಳು. ಗೇರುಗಳ ಮೇಲೆ ಬರೆದದ್ದನ್ನು ಒಮ್ಮೆ ಓದಿದಳು. ಇಂಜಿನ್ನು ಹೊತ್ತಿಕೊಂಡಿತು. ಕತ್ತನ್ನು ಹಿಂದಕ್ಕೆ ಹೊರಳಿಸಿ, ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿ ಹಿಡಿದು, ನಿಂತಿದ್ದ ಕೋಲುಗಳಲ್ಲಿ ಒಂದನ್ನೂ ಅಲುಗಿಸದೆ, ಬಂದ ಗುರುತಿನ ಮೇಲೆಯೇ ಅದನ್ನು ಹಿಂದಕ್ಕೆ ತಂದಳು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಅವನ ಹೊಲದೊಳಗೆ ಹೋಗಿ, ಒಂದು ಗಿರಕಿ ಹೊಡೆಸಿ, ಇನ್ನೊಂದು ಗಿರಕಿ ಹೊಡೆಸಿ, ಹಾಯೆನ್ನಿಸಿದ ಮೇಲೆ ತಂದು ಕಲ್ಲಿನ ಪಕ್ಕ ನಿಲ್ಲಿಸಿದಳು. 'ಚೆನ್ನಾಗಿದೆ ಕಣೋ,' ಎಂದಳು. ಇಳಿದವಳೇ ಕತ್ತಿನ ಟೇಪು ತೆಗೆದು ಟ್ರ್ಯಾಕ್ಟರಿನ ಹಿಂದೆ ಬಗ್ಗಿ ಒಂದು ಚಕ್ರದ ಹೊರಗಿನ ಅಂಚಿನಿಂದ ಇನ್ನೊಂದರ ಅಂಚಿಗೆ ಅಳತೆ ಹಿಡಿದಳು, ಮೈಗೆ ಅಂಗಿ ಹೊಲಿಯಲು ಬಂದ ಗಿರಾಕಿಯೇನೋ ಎಂಬಂತೆ. ಒಂದು ಪಟ್ಟು ಟೇಪು ಸಾಲದೆ ಬೆರಳು ಗುರುತಿಟ್ಟು ಮುಂದಕ್ಕೆ ಹಿಡಿದಳು. ಆಮೇಲೆ ತನ್ನ ಹೊಲದ ಆಚೆ ತುದಿಯಲ್ಲಿದ್ದ ನಿಂಬೆ ಗಿಡಗಳ ಕಡೆಗೆ ನಡೆದು, ಎರಡು ಸಾಲುಗಳ ನಡುವಿನ ಜಾಗವನ್ನೂ ಅಳೆದು ಬಂದಳು.

'ತೂರುತ್ತೆ,' ಎಂದಳು. 'ಎರಡು ಕಡೆನೂ ಹೊಲಿಗೆ ಬಿಡೋಷ್ಟು ಜಾಗ ಉಳಿಯುತ್ತೆ. ಹಳೇದು ಒಳಗೆ ಬರ್ತಿರ್ಲಿಲ್ಲ. ಗುದ್ದಲಿ ಹಿಡಿದು ಹಿಡಿದು ನನ್ನ ತೋಳು ಬಿದ್ದುಹೋಗಿದೆ.'

'ನಾನು ಉತ್ತುಕೊಡ್ತೀನಿ...' ಎಂದು ಹೊರಟವನು ಅಲ್ಲೇ ನಾಲಿಗೆ ಕಚ್ಚಿಕೊಂಡ.

'ಉತ್ತುಕೊಡಬೇಡ,' ಎಂದಳು ಅಕ್ಕ. 'ಬೀಗದಕೈ ಎಲ್ಲಿ ಇಡ್ತೀಯ, ಅದನ್ನ ಹೇಳು.'

'ಶೆಡ್ಡಿನ ಬಾಗಿಲ ಹಿಂದೆ. ಮೊಳೆಗೆ.'

'ಹೂಂ,' ಎಂದಳು. ಅದೇ ಹೂಂ. ಅವನು ಕಿವಿಗೊಟ್ಟು ಕೇಳಿದ. ಅದರಲ್ಲಿ ಒಣಗಿದ್ದು ಏನೂ ಇರಲಿಲ್ಲ, ಹಿಂದೆಯೂ ಇತ್ತೋ ಇಲ್ಲವೋ ಈಗ ಹೇಳಲು ಬಾರದು.

ಮಾರಾಟಗಾರ ಹೇಳಿದ್ದಕ್ಕಿಂತ ಮುಂಚೆಯೇ ಬಂದ. ಹೊಲದ ನಡುವೆ ಟ್ರ್ಯಾಕ್ಟರು, ಅದರ ದೀಪಕ್ಕೆ ಅಂಟಿದ ಹಸಿರು ಎಲೆ, ಹಿಂದುಮುಂದಾದ ಟೋಪಿಯ ಗಿರಾಕಿ, ಟೇಪು ಹಿಡಿದು ನಿಂತ ಹೆಂಗಸು, ಇಷ್ಟನ್ನೂ ನೋಡಿ ಅವನ ಮುಖ ಇಳಿಯಿತು. 'ಏನ್ ಸಾರ್, ಡೆಮೊ ಗಾಡಿ ಸಾರ್ ಇದು,' ಎಂದ. ಮಾರಾಟಗಾರನ ಮುಖ ನೋಡಿ ಅವನಿಗೆ ಮರುಕ ಬಂದು, ಏನೂ ಆಗಿಲ್ಲ, ಇದನ್ನೇ ಇಟ್ಟುಕೊಳ್ಳುತ್ತೇನೆ, ಎಂದ. ಮಾರಾಟಗಾರ ರೂಢಿಯ ಮೇಲೆ ಬಾಯಿ ತೆರೆದ: ಇನ್ನೊಮ್ಮೆ ಯೋಚಿಸಬಹುದು, ದೊಡ್ಡದಾದರೆ ಎಳೆಯುವ ಶಕ್ತಿ, ಎತ್ತುವ ಶಕ್ತಿ, ಆ ಗತ್ತು. ಅವನು ಶೆಡ್ಡಿನ ಮುಂದೆ ಬಿಸಿಲಿಗೆ ಹೊಳೆಯುತ್ತಿದ್ದ ದೊಡ್ಡದನ್ನು ನೋಡಿದ. ಚೆನ್ನಾಗಿತ್ತು, ಈಗಲೂ ಚೆನ್ನಾಗಿತ್ತು. ಬೇಕೆಂದರೆ ಅದನ್ನೂ ತರಬಹುದು, ಅಕ್ಕನ ಪಟ್ಟಿಯ ಮೇಲೆ ಧಾರಾಳವಾಗಿ ತಿರುಗಿಸಬಹುದು, ಯಾರೂ ಏನೂ ಅನ್ನುವುದಿಲ್ಲ. ಹಾಗೆಂದು ಗೊತ್ತಾದ ಮೇಲೆ ಅದನ್ನು ಬಿಡುವುದು ತೀರಾ ಸಲೀಸಾಗಿತ್ತು. 'ಅದು ಬೇಡ,' ಎಂದ. ಹೇಳಿದ ಮೇಲೆ ತನ್ನ ಬಾಯಿಂದ ಬೇಡ ಬಂದದ್ದು ಕೇಳಿ ತಾನೇ ಬೆರಗಾದ. ದೊಡ್ಡ ಟ್ರ್ಯಾಕ್ಟರು ಲಾರಿ ಹತ್ತಿ ರಸ್ತೆಯ ತಿರುವಿನಲ್ಲಿ ಮರೆಯಾಗುವವರೆಗೂ ಅವನು ಗೇಟಿನಲ್ಲಿ ನಿಂತಿದ್ದ, ನೆಂಟರನ್ನು ಕಳಿಸಿಕೊಡುವವನ ಹಾಗೆ.

ಅದೇ ತಿರುವಿನಲ್ಲಿ ಹೆಂಡತಿಯ ವ್ಯಾನು ಬಂತು. ಲಾರಿಯಲ್ಲಿ ಹೋಗುತ್ತಿದ್ದದ್ದು ಯಾವುದೆಂದು ಅವಳು ನೋಡಿಯೇ ಇದ್ದಳು. ಗೇಟಿನಲ್ಲಿ ಕಿಟಕಿ ಇಳಿಸಿ, 'ಅಂತೂ ಅಳೆದು ಸುರಿದು ತೀರ್ಮಾನ ಮಾಡಿದ್ರಾ?' ಎಂದಳು. ಅವನು, ಹೂಂ, ತುಂಬ ಯೋಚನೆ ಮಾಡಿ ಮಾಡಿದೆ, ಎಂದ. ಅವಳು ಮುಖದಲ್ಲಿ ಒಂದು ಗೆರೆಯೂ ಅಲುಗಿಸದೆ, ಒಳ್ಳೇದಾಯ್ತು ಬಿಡಿ, ಎಂದಳು. ಅವನು ಟೋಪಿಯನ್ನು ಸರಿಯಾಗಿ ಹಾಕಿಕೊಂಡ.

ಬಿಸಿಲು ಇಳಿದಿತ್ತು, ಆದರೆ ಇನ್ನೂ ಕೆಲವು ಸಾಲು ಉಳಿದಿದ್ದವು. ಅವನು ಮತ್ತೆ ಹತ್ತಿದ. ಆ ತುದಿಯಲ್ಲಿ ಅಕ್ಕ ಬಗ್ಗಿ, ಅವನು ಕೆಡವಿದ ಕೋಲುಗಳಲ್ಲಿ ಗಟ್ಟಿಯಿದ್ದವನ್ನು ಆರಿಸಿ ಒಟ್ಟು ಮಾಡುತ್ತಿದ್ದಳು. ಹೇಗೂ ಅಷ್ಟು ಮಲಗಿಸಿದ್ದೀಯ, ಅಷ್ಟನ್ನು ಹಾಗೇ ಬಿಡುತ್ತೇನೆ, ಉಳಿದದ್ದು ಸಾಕು ನನಗೆ, ಎಂದಿದ್ದಳು. ಇಂಜಿನ್ನು ಗೊಣಗುತ್ತ ಸಾಲಿನುದ್ದಕ್ಕೂ ಬಂತು. ಕಲ್ಲು ಹತ್ತಿರವಾಯಿತು. ಇಲ್ಲೇ, ಈಚೆಯೇ, ಒಂದು ಗಿರಕಿ ಸಾಕು. ಕೈಗೂ ಈಗ ಅದು ಗೊತ್ತಿತ್ತು. ಅವನು ಕಲ್ಟಿವೇಟರ್ ಎತ್ತಿದ. ಬ್ರೇಕಿನ ಮೇಲಿಂದ ಕಾಲು ತೆಗೆದ. ಇಳಿಯಲಿಲ್ಲ, ಕರೆಯಲಿಲ್ಲ. ಕಲ್ಲು ದಾಟಿ, ಖಾಲಿಯಾದ ಪಟ್ಟಿಯ ಮೇಲೆ, ಬೇಕಾಗಿದ್ದಕ್ಕಿಂತ ಬಹಳ ದೊಡ್ಡದಾಗಿ ಬಳಸಿಕೊಂಡು ತಿರುಗಿಸಿದ. ಚಕ್ರ ಅಕ್ಕನ ಪಕ್ಕದಲ್ಲೇ ಹಾದುಹೋಯಿತು. ಅವಳು ತಲೆ ಎತ್ತಿ ನೋಡಲಿಲ್ಲ. ಕಾಲಿನಿಂದ ಬುಟ್ಟಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿಕೊಂಡಳು, ಅಷ್ಟೇ.